ಕೆಂಪು ನೀರು, ಹಸಿರು ನೀರು

ಬೆಲ್ಲದ ವಾಸನೆ ಬಂದರೆ ನನಗೆ ಚರಂಡಿ ನೆನಪಾಗುತ್ತದೆ. ಹೀಗೆಂದರೆ ಜನ ಮುಖ ಸಿಂಡರಿಸುತ್ತಾರೆ, ಆದರೆ ಏನು ಮಾಡಲಿ, ನಿಜ ಅದೇ. ಮೊನ್ನೆ ಕಂಪ್ಲಿಯಲ್ಲಿ ಮದುವೆ ಊಟ ಮುಗಿಸಿಕೊಂಡು ಹೊಸಪೇಟೆಗೆ ಹೊರಟಿದ್ದೆವು. ದಾರಿಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಆಲೆಮನೆಯ ಹೊಗೆ ಕಾಣಿಸಿತು. ನಮ್ಮವರು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, “ಆಹಾ, ಏನ್ ಘಮ!” ಎಂದರು. ಅವರಿಗೆ ಹೋಳಿಗೆ ನೆನಪಾಗಿರಬೇಕು. ನನಗೆ ನೆನಪಾದದ್ದು ಹುಲಿಗೆವ್ವ, ಅವಳ ಗಬ್ಬದ ಎಮ್ಮೆ, ಮತ್ತು ಸಂಡೂರು ದಾರಿಯ ಒಂದು ಕೆರೆ.

ಅದು ಗಣಿಯ ಕಾಲ. ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಅಂಟಿಕೊಂಡು, ಹೊಸಪೇಟೆಯಿಂದ ಗುಡ್ಡದ ಬುಡದವರೆಗೆ ನಿಂತಿರುತ್ತಿದ್ದವು. ಬೇವಿನ ಮರ ಕೆಂಪು, ಹೋಟೆಲಿನ ಬೋರ್ಡು ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಸಂಜೆಗೆ ಕೆಂಪು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ಟಿಪ್ಪರ್ ಮಾಲೀಕರಾಗಿ ಕತ್ತಿಗೆ ಚಿನ್ನ ಹಾಕಿಕೊಂಡು ಓಡಾಡಿದರು. ನಾನು ಆ ದಾರಿಯಲ್ಲೇ ಒಂದು ಗಣಿ ಕಂಪನಿಯ ಕಾಲೊನಿಯಲ್ಲಿ ಕೆಲಸಕ್ಕಿದ್ದೆ. ಕಾಲೊನಿಯ ಕಕ್ಕಸು, ಬಚ್ಚಲು, ಅಡುಗೆಮನೆಗಳ ಕೊಳಚೆ ನೀರನ್ನು ಶುದ್ಧ ಮಾಡುವ ಪ್ಲಾಂಟಿಗೆ ನಾನು ಕೆಮಿಸ್ಟ್.

ಹೊಸಪೇಟೆಯ ನಮ್ಮ ಮನೆಯೋ ಮಡಿಯ ಮನೆ. ಮಾವನವರು ಬೆಳಿಗ್ಗೆ ಸಾಲಿಗ್ರಾಮದ ಪೂಜೆ ಮುಗಿಯುವವರೆಗೆ ನೀರೂ ಮುಟ್ಟದವರು. ಸೊಸೆ ಊರವರ ಕೊಳಚೆಯಲ್ಲಿ ಕೈಯಾಡಿಸುವ ನೌಕರಿಗೆ ಹೋಗುತ್ತಾಳೆ ಎಂದು ಗೊತ್ತಾದಾಗ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಆಮೇಲೆ ತಾವೇ ಒಂದು ಏರ್ಪಾಡು ಮಾಡಿದರು. ಸಂಜೆ ನಾನು ಮುಂಬಾಗಿಲಿನಿಂದ ಬರುವಂತಿಲ್ಲ. ಹಿತ್ತಲಿನಿಂದ ಬಂದು, ಅಲ್ಲೇ ತಲೆಗೆ ನೀರು ಹಾಕಿಕೊಂಡು, ಅವರು ದೂರದಿಂದ ಎಸೆದ ಸೀರೆ ಉಟ್ಟು ಒಳಗೆ ಬರಬೇಕು. “ಸಂಬಳ ಮಾತ್ರ ಮುಂಬಾಗ್ಲಿಂದ ಬರಬಹುದೇನು ಅತ್ತೀ?” ಎಂದು ಒಮ್ಮೆ ಕೇಳಿದೆ. “ಬಾಯಿ ಭಾಳ ಆತು ನಿಂದು,” ಎಂದರು. ನನಗೆ ಅವರ ಮೇಲೆ ಸಿಟ್ಟಿತ್ತು, ಆದರೆ ಬೇಸಿಗೆಯಲ್ಲಿ ಆ ಸ್ನಾನ ಹಿತವಾಗಿಯೂ ಇತ್ತು.

ನಮ್ಮ ಪ್ಲಾಂಟಿನಿಂದ ಹೊರಬಿದ್ದ ನೀರು ಪಕ್ಕದ ಹಳ್ಳಿಯ ಸಣ್ಣ ಕೆರೆಗೆ ಹೋಗುತ್ತಿತ್ತು. ನೋಡಲು ತಿಳಿನೀರು, ವಾಸನೆಯಿಲ್ಲ. ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದರೆ ಬಂದ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮ್ಯಾನೇಜರ್ ಸಾಹೇಬರು ಅದಿರು ಕೊಳ್ಳಲು ಬಂದ ಪರದೇಶದವರಿಗೆ ಮೊದಲು ಈ ಲೋಟ ತೋರಿಸಿ, ಆಮೇಲೆ ಹಂಪಿ ತೋರಿಸಲು ಕರೆದೊಯ್ಯುತ್ತಿದ್ದರು. ಅವರು ಅತ್ತ ಹೋದ ಮೇಲೆ ಆ ಕೆರೆಯನ್ನು ಯಾರೂ ನೋಡುತ್ತಿರಲಿಲ್ಲ. ನೋಡುತ್ತಿದ್ದವಳು ಹುಲಿಗೆವ್ವ ಒಬ್ಬಳೇ.

ಹುಲಿಗೆವ್ವ ಆ ಹಳ್ಳಿಯವಳು, ಎಮ್ಮೆ ಕಟ್ಟಿಕೊಂಡು ಕಾಲೊನಿಗೆ ಹಾಲು ಹಾಕುತ್ತಿದ್ದವಳು. ಗಂಡ ತಿಪ್ಪಣ್ಣ ಹೊಲ ಉಳುವ ಟ್ರ್ಯಾಕ್ಟರನ್ನು ಗಣಿಗೆ ಬಿಟ್ಟು ಅದಿರು ಹೊಡೆಯುತ್ತಿದ್ದ. ಅವಳನ್ನು ನಾನು ಮೊದಲು ನೋಡಿದ್ದು ಪ್ಲಾಂಟಿನ ಗೇಟಿನಲ್ಲಿ, ವಾಚ್‌ಮನ್ ಜೊತೆ ಜಗಳಕ್ಕೆ ನಿಂತಾಗ. ಹಿಂದಿನ ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟಿತ್ತಂತೆ. ಆ ನೀರು ಕುಡಿದ ಅವಳ ಎಮ್ಮೆ ಸಂಜೆಯೊಳಗೆ ಕಾಲು ಸೆಟೆದು ಸತ್ತಿತ್ತು. ಕಂಪನಿಯವರು ಬಿಸಿಲಿಗೆ ಸತ್ತಿದೆ ಎಂದಿದ್ದರು.

“ಬಿಸಲಿಗೆ ಎಮ್ಮಿ ಸಾಯ್ತಾವಂದ್ರ ಈ ಸೀಮ್ಯಾಗ ಒಂದರ ಉಳೀತಿತ್ತೇನ್ರಿ ಅಕ್ಕಾರ?” ಎಂದು ನನ್ನನ್ನು ಕೇಳಿದಳು.

“ಹಳ್ಳದ ನೀರು ಕುಡಿಸಬಾರದೇನು?” ಎಂದೆ. ಹಳ್ಳಿಯ ಆಚೆ ಗುಡ್ಡದಿಂದ ಇಳಿಯುವ ಒಂದು ಹಳ್ಳವಿತ್ತು.

“ಬರ್ರಿ, ನೋಡ್ಬರ್ರಿ ಒಂದ್ಸಲ,” ಎಂದು ಕರೆದೊಯ್ದಳು. ಹಳ್ಳ ಕುಂಕುಮ ಕಲಸಿದ ಹಾಗೆ ಹರಿಯುತ್ತಿತ್ತು. ಗಣಿಯ ಮಣ್ಣೆಲ್ಲ ಅದರಲ್ಲಿತ್ತು. ಅವಳು ಹೊಡೆದುಕೊಂಡು ಬಂದಿದ್ದ ಇನ್ನೊಂದು ಎಮ್ಮೆ ಮೂತಿ ಇಟ್ಟು, ಫುಸ್ ಎಂದು ತಲೆ ಎತ್ತಿತು. “ಈ ಕಡೆ ಕೆಂಪು, ಆ ಕಡೆ ಹಸರು. ನಡುವ ನನ್ನ ಎಮ್ಮಿ. ಇದು ಗಬ್ಬದಾಗೈತ್ರಿ, ಬರೋ ಬ್ಯಾಸಗಿ ಮುಗಿಯೂದ್ರಾಗ ಈಯ್ತೈತಿ. ಇದೂ ಹೋತಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ.” ಅವಳಿಗೆ ಉಳಿದದ್ದು ಅದೊಂದೇ ಎಮ್ಮೆ. ಹಳ್ಳಿಯ ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆರೆ ಬೇಡವೆಂದರೆ ಮನೆಯವರು ಕುಡಿಯಲು ಹಿಡಿದಿಟ್ಟ ನೀರನ್ನೇ ಎಮ್ಮೆಗೆ ಹೊಯ್ಯಬೇಕಿತ್ತು.

ಅಂದಿನಿಂದ ಅವಳು ಹಾಲು ಹಾಕಿ ಹೋಗುವಾಗ ಗೇಟಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳುವುದು ರೂಢಿಯಾಯಿತು. “ಇವತ್ತ ಕುಡಸ್ಲೇನ್ರಿ ಅಕ್ಕಾರ, ಬ್ಯಾಡೇನ್ರಿ?” ನಾನು ಕೆರೆಯ ದಡಕ್ಕೆ ಹೋಗಿ, ಗಾಳಿ ತಳ್ಳಿದ ಮೂಲೆಯಲ್ಲಿ ಪಾಚಿ ಕೆನೆಗಟ್ಟಿದೆಯೇ ನೋಡಿ ಬಂದು, ಕುಡಿಸು ಅಥವಾ ಬೇಡ ಎನ್ನುತ್ತಿದ್ದೆ. ಯಾಕೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಅದು ನನಗೆ ಭಾರವೆನಿಸುತ್ತಿತ್ತು.

ಆ ಪಾಚಿ ಯಾಕೆ ಬರುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಗೊಬ್ಬರದ ಚೀಲದ ಮೇಲೆ ಎನ್, ಪಿ ಎಂದು ಅಚ್ಚು ಹಾಕಿರುತ್ತಾರಲ್ಲ, ಸಾರಜನಕ ಮತ್ತು ರಂಜಕ, ಅವೆರಡೂ ಮನುಷ್ಯರ ಕೊಳಚೆಯಲ್ಲಿ ಧಾರಾಳವಾಗಿರುತ್ತವೆ. ನಮ್ಮ ಪ್ಲಾಂಟು ಹೊಲಸು ತೆಗೆಯುತ್ತಿತ್ತು, ವಾಸನೆ ತೆಗೆಯುತ್ತಿತ್ತು, ಇವೆರಡನ್ನು ಮಾತ್ರ ನೀರಿನಲ್ಲೇ ಬಿಡುತ್ತಿತ್ತು. ಅಂದರೆ ತಿಳಿನೀರಿನ ವೇಷದಲ್ಲಿ ನಾವು ದಿನಾ ಕೆರೆಗೆ ಗೊಬ್ಬರ ಹಾಕುತ್ತಿದ್ದೆವು. ಬಿಸಿಲು ಬಿದ್ದ ಕೂಡಲೇ ಪಾಚಿ ಫಸಲು ಬರುತ್ತಿತ್ತು.

ಇದಕ್ಕೆ ಮದ್ದು ಸೂಕ್ಷ್ಮಾಣುಗಳಲ್ಲೇ ಇತ್ತು. ಪ್ಲಾಂಟಿನ ಕೆಸರಿನಲ್ಲಿ ಕೆಲಸ ಮಾಡುವುದೇ ಅವು. ಗಾಳಿ ಸಿಕ್ಕಲ್ಲಿ ಒಂದು ಗುಂಪು ಸಾರಜನಕವನ್ನು ನೈಟ್ರೇಟ್ ಮಾಡುತ್ತದೆ. ಅಲ್ಲಿಗೆ ನಿಂತರೆ ಅದು ಹಾಗೇ ಕೆರೆಗೆ ಹೋಗುತ್ತದೆ. ಗಾಳಿ ಇಲ್ಲದ ಕಡೆ ಮಾತ್ರ ಇನ್ನೊಂದು ಗುಂಪು, ಉಸಿರಾಡಲು ಬೇರೆ ಏನೂ ಸಿಗದೆ, ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತದೆ. ಉಳಿದ ಸಾರಜನಕ ಗುಳ್ಳೆಯಾಗಿ ಆಕಾಶಕ್ಕೆ ಹೋಗುತ್ತದೆ. ಆದರೆ ನಮ್ಮ ಪ್ಲಾಂಟಿನಲ್ಲಿ ಗಾಳಿ ಇಲ್ಲದ ಜಾಗವೇ ಇರಲಿಲ್ಲ. ಬ್ಲೋವರುಗಳು ಹಗಲಿರುಳು ಗಾಳಿ ಊದುತ್ತಿದ್ದವು, ಇಡೀ ತೊಟ್ಟಿ ಕುದಿಯುವ ಸಾರಿನ ಹಾಗೆ ಕೊತಕೊತ ಎನ್ನುತ್ತಿತ್ತು. ಸಾಹೇಬರಿಗೆ ಆ ಗುಳ್ಳೆ ಎಂದರೆ ಪ್ರಾಣ. ಅರ್ಧ ತೊಟ್ಟಿಗೆ ಗಾಳಿ ನಿಲ್ಲಿಸೋಣ ಎಂದದ್ದಕ್ಕೆ, “ಏನ್ರೀ, ಸತ್ತ ನೀರು ತೋರಿಸ್ಲಾ ನಾನು ಗೆಸ್ಟ್‌ಗಳಿಗೆ?” ಎಂದು ಗದರಿದರು. ಕರೆಂಟು ಹೋದರೆ ಜನರೇಟರ್ ಹಾಕಿಯಾದರೂ ಗಾಳಿ ಊದಿಸುತ್ತಿದ್ದರು.

ಆ ಗಾಳಿಯನ್ನು ನಿಲ್ಲಿಸಿದ್ದು ಆಯುಧಪೂಜೆ.

ನಮ್ಮ ಆಪರೇಟರ್ ಬಸಣ್ಣ ಭಾರಿ ಭಕ್ತ. ನವಮಿಯ ದಿನ ಯಂತ್ರ ನಡೆಸುವುದು ಅವನ ಲೆಕ್ಕದಲ್ಲಿ ಮಹಾಪಾಪ. ಹಿಂದಿನ ವರ್ಷ ಸಾಹೇಬರ ಹೆದರಿಕೆಗೆ ಓಡುವ ಬ್ಲೋವರಿಗೇ ಹಾರ ಹಾಕಲು ಹೋಗಿ, ಹಾರ ಬೆಲ್ಟಿಗೆ ಸಿಕ್ಕಿ ಚೂರುಚೂರಾಗಿ, ಅಪಶಕುನವೆಂದು ಎಲ್ಲರೂ ಹೌಹಾರಿದ್ದರಂತೆ. ಈ ಸಲ ಸಾಹೇಬರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಬಸಣ್ಣ ಬೆಳಿಗ್ಗೆಯೇ ಎಲ್ಲ ಬ್ಲೋವರ್ ನಿಲ್ಲಿಸಿ, ತೊಳೆದು, ವಿಭೂತಿ ಹಚ್ಚಿ, ಬೂದುಗುಂಬಳ ಒಡೆದು, “ಮೇಡಂ, ಇವತ್ತ ಇವಕ್ಕೂ ಸೂಟಿ,” ಎಂದ. ನಾನು ಬೇಡ ಎನ್ನಲಿಲ್ಲ. ಅತ್ತ ಲಾರಿ ಡ್ರೈವರುಗಳಿಗೆಂದು ಕಂಪನಿ ಕೊಪ್ಪರಿಗೆಗಟ್ಟಲೆ ಗೋಧಿ ಹುಗ್ಗಿ ಮಾಡಿಸಿತ್ತು. ಡ್ರೈವರುಗಳೆಲ್ಲ ಮಾಂಸದೂಟಕ್ಕೆ ಬೇರೆ ಕಡೆ ಹೋಗಿಬಿಟ್ಟರು. ಉಳಿದ ಹುಗ್ಗಿಯನ್ನು ಅಡುಗೆಯವರು ಯಾರಿಗೂ ಹೇಳದೆ ಕೊಪ್ಪರಿಗೆ ಸಮೇತ ಚರಂಡಿಗೆ ಬೋರಲು ಹಾಕಿದರು. ಬೆಲ್ಲ ಬೆರೆತ ಆ ಹುಗ್ಗಿ ಸೀದಾ ನಮ್ಮ ತೊಟ್ಟಿಗೆ ಬಂತು. ಗಾಳಿಯಿಲ್ಲ, ಹೊಟ್ಟೆ ತುಂಬ ಸಿಹಿ.

ಮರುದಿನ ಪರೀಕ್ಷೆ ಮಾಡಿದರೆ ನೈಟ್ರೇಟ್ ನಾಪತ್ತೆ! ಗಾಳಿ ಇಲ್ಲದ್ದರಿಂದ ಅಮೋನಿಯ, ಅಂದರೆ ನೈಟ್ರೇಟ್ ಆಗುವ ಮುಂಚಿನ ಸಾರಜನಕ, ಏರಿತ್ತು, ಅದು ಏರಲೇಬೇಕು. ಆದರೆ ತೊಟ್ಟಿಯಲ್ಲಿ ಮೊದಲಿದ್ದ ನೈಟ್ರೇಟ್ ಇಲ್ಲ. ಕಿಟ್ ಕೆಟ್ಟಿರಬೇಕೆಂದು ಮತ್ತೆ ಮಾಡಿದೆ. ಇಲ್ಲವೇ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು, ಆದರೆ ಆ ಖುಷಿಯನ್ನು ಹಂಚಿಕೊಳ್ಳಲು ಅಲ್ಲಿದ್ದದ್ದು ಬಸಣ್ಣ ಒಬ್ಬನೇ. ಅವನು ಬ್ಲೋವರಿಗೆ ಕೈ ಮುಗಿದು, “ನಾ ಹೇಳ್ಲಿಲ್ಲೇನ್ರಿ, ಪೂಜಾದಾಗ ಶಕ್ತಿ ಐತಿ ಅಂತ,” ಎಂದ.

ಹುಗ್ಗಿಯಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಕಾಲೊನಿಯಲ್ಲಿ ನೀರು ಪುಕ್ಕಟೆ, ಹಾಗಾಗಿ ಎಲ್ಲರೂ ಬಕೆಟ್‌ಗಟ್ಟಲೆ ಸುರಿಯುತ್ತಿದ್ದರು. ಕೊಳಚೆ ಬಲು ತೆಳುವಾಗಿತ್ತು. ಸೂಕ್ಷ್ಮಾಣುಗಳಿಗೆ ಗಾಳಿ ನಿಲ್ಲಿಸಿದರಷ್ಟೇ ಸಾಲದು, ಹೊಟ್ಟೆಗೂ ಬೇಕಿತ್ತು. ಬಸಣ್ಣನ ಮಾವ ಕಂಪ್ಲಿಯಲ್ಲಿ ಆಲೆಮನೆ ಇಟ್ಟಿದ್ದ. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆಯನ್ನು ಅವರು ತೆಗೆದು ಚೆಲ್ಲುತ್ತಿದ್ದರು. ಅದನ್ನು ಡ್ರಮ್ಮುಗಳಲ್ಲಿ ತುಂಬಿಸಿ ತರಿಸಿದೆವು. ಪ್ಲಾಂಟಿನ ಮುಂದಿನ ಭಾಗಕ್ಕೆ ಹಲಗೆ ಅಡ್ಡ ಹಾಕಿ, ಅಲ್ಲಿಯ ಗಾಳಿಯ ವಾಲ್ವು ಮುಚ್ಚಿ, ಹಿಂದಿನ ಭಾಗದ ಗಾಳಿಯಲ್ಲಿ ನೈಟ್ರೇಟ್ ಆದ ನೀರನ್ನು ಮತ್ತೆ ಮುಂದಕ್ಕೆ ತರುವ ಪಂಪು ಕೂರಿಸಿದೆವು. ಆ ವರ್ಷ ಅದಿರಿನ ದರ ಏರಿದ್ದೇ ಏರಿದ್ದು, ಸಾಹೇಬರು ಹಡಗು, ಬಂದರು ಎಂದು ಓಡಾಡುತ್ತ ಚರಂಡಿಯ ಕಡೆ ತಲೆ ಹಾಕಲಿಲ್ಲ. ನಮಗೆ ಅದೇ ಅನುಕೂಲವಾಯಿತು. ಪ್ಲಾಂಟಿನಲ್ಲಿ ಕೊಳಚೆ ಮತ್ತು ಬೆಲ್ಲ ಸೇರಿ ಒಂದು ವಾಸನೆ ಏಳುತ್ತಿತ್ತು. ಅದೇ ಇವತ್ತಿಗೂ ನನ್ನ ಮೂಗಿನಲ್ಲಿ ಕೂತಿದೆ.

ಮನೆಯಲ್ಲಿ ಹೇಳಿದೆ. ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡರು. “ಅಯ್ಯ, ಚರಂಡಿಗೆ ಬೆಲ್ಲ ಉಣಸ್ತೀ ಏನಽ?”

“ಹೂಂ ಅತ್ತೀ. ಅಷ್ಟೇ ಅಲ್ಲ, ಏಕಾದಶಿನೂ ಮಾಡಸ್ತೀನಿ.”

ಇದು ತಮಾಷೆಯಲ್ಲ. ರಂಜಕ ತೆಗೆಯುವ ಸೂಕ್ಷ್ಮಾಣುಗಳ ಬಾಳೇ ಹಾಗೆ. ಗಾಳಿಯಿಲ್ಲದ ಕಡೆ ಅವು ಒದ್ದಾಡುತ್ತ ತಮ್ಮಲ್ಲಿದ್ದ ರಂಜಕವನ್ನೂ ಬಿಟ್ಟುಕೊಡುತ್ತವೆ. ಮುಂದೆ ಗಾಳಿ ಸಿಕ್ಕಿತೋ, ಬಿಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು ನುಂಗುತ್ತವೆ, ದ್ವಾದಶಿ ಪಾರಣೆಗೆ ಕೂತ ನಮ್ಮ ಮಾವನವರ ಹಾಗೆ. ಅತ್ತೆಗೆ ಇದು ಚೆನ್ನಾಗಿ ಅರ್ಥವಾಯಿತು. ಮಾವನವರ ಕಡೆ ನೋಡಿ ಸೆರಗಿನಲ್ಲಿ ನಕ್ಕರು. ಸ್ನಾನದ ನಿಯಮ ಮಾತ್ರ ಸಡಿಲವಾಗಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಕೆರೆ ತಿಳಿಯಾಗತೊಡಗಿತು. ನಾನು ಗೇಟಿನಲ್ಲಿ “ಕುಡಿಸು” ಎನ್ನುವ ದಿನಗಳು ಹೆಚ್ಚಾದವು. ಹುಲಿಗೆವ್ವ ಎಮ್ಮೆಯನ್ನು ಕೆರೆಗೆ ಬಿಟ್ಟು, ಅದು ಮೂತಿಯಷ್ಟೇ ಹೊರಗಿಟ್ಟು ಮಲಗಿದ್ದನ್ನು ನೋಡುತ್ತ ದಡದಲ್ಲಿ ಕುಳಿತಿರುತ್ತಿದ್ದಳು. “ಮಸ್ತ್ ಆಗೈತ್ರಿ ನೀರು. ನನ್ನ ಮಗಳು ತೌರಿಗೆ ಬಂದಂಗ ಮಲಗ್ಯಾಳ ನೋಡ್ರಿ,” ಎಂದಳು ಒಂದು ದಿನ.

ಯುಗಾದಿ ಕಳೆದ ಮೇಲೆ ಎಡವಟ್ಟಾಯಿತು. ರಂಜಕ ಆಕಾಶಕ್ಕೆ ಹೋಗುವ ವಸ್ತುವಲ್ಲ. ಸೂಕ್ಷ್ಮಾಣುಗಳ ಹೊಟ್ಟೆಯಲ್ಲೇ ಇರುತ್ತದೆ. ಅವು ಸೇರಿ ಆದ ಕೆಸರನ್ನು ಆಗಿಂದಾಗ ತೊಟ್ಟಿಯಿಂದ ತೆಗೆದು, ಒಣಗಿಸಿ, ಹೊರಗೆ ಸಾಗಿಸಲೇಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು ನುಂಗಿದ್ದನ್ನೆಲ್ಲ ಮತ್ತೆ ನೀರಿಗೆ ಕಕ್ಕುತ್ತವೆ. ಹಂಪಿ ಕಡೆಯ ಒಬ್ಬ ಬಾಳೆ ತೋಟದವರು ಆ ಕೆಸರನ್ನು ಗೊಬ್ಬರಕ್ಕೆ ಕೇಳಿದ್ದರು. ಆದರೆ ಸಾಗಿಸಲು ಗಾಡಿ ಎಲ್ಲಿದೆ? ನಮ್ಮ ಟ್ರ್ಯಾಕ್ಟರಿನವನು ಕೈಕೊಟ್ಟು ಅದಿರಿಗೆ ಹೋದ. ಇನ್ನೊಬ್ಬನನ್ನು ಕೇಳಿದರೆ, “ಮಣ್ಣು ಹೊತ್ರ ಬಂಗಾರ ಬರ್ತೈತಿ, ನಿಮ್ಮ ಹೇಲು ಯಾವಂವ ಹೊರ್ತಾನ್ರಿ?” ಎಂದ. ಇಡೀ ತಾಲೂಕಿನ ಟ್ರ್ಯಾಕ್ಟರುಗಳು ಗುಡ್ಡದ ಮೇಲಿದ್ದವು. ಒಣಗಿಸುವ ಮಡಿಗಳು ತುಂಬಿ, ತೊಟ್ಟಿಯಿಂದ ಕೆಸರು ತೆಗೆಯಲು ಜಾಗವೇ ಇಲ್ಲದಾಯಿತು. ರಂಜಕ ಏರಿತು. ಬಿಸಿಲು ಉರಿಯುತ್ತಿತ್ತು. ಕೆರೆಯ ಮೂಲೆಯಲ್ಲಿ ಹಸಿರು ಕೆನೆ ಮತ್ತೆ ಕಾಣಿಸಿಕೊಂಡಿತು.

“ಇವತ್ತ ಬ್ಯಾಡ ಹುಲಿಗೆವ್ವ,” ಎಂದೆ. ಮರುದಿನವೂ ಬೇಡ ಎಂದೆ. ಅದರ ಮರುದಿನವೂ.

ಎಮ್ಮೆಯ ಹಾಲು ಬತ್ತಿದ ಮೇಲೆ ಊರವರ ಹಾಲು ಕೊಂಡು ತಂದು ಹಾಕುತ್ತಿದ್ದ ಅವಳು ಕ್ಯಾನು ಕೆಳಗಿಟ್ಟಳು. “ಎಮ್ಮಿ ಹೊಟ್ಟಿ ನೆಲಕ್ಕ ತಾಗಾಕತ್ತೈತ್ರಿ. ಮನ್ಯಾಗಿನ ಕೊಡದ ನೀರು ಅದರ ನಾಲಿಗಿಗೂ ಸಾಲಂಗಿಲ್ಲ. ಏನಾತ್ರಿ ಅಕ್ಕಾರ, ನೀರು ಛಲೋ ಆಗಿತ್ತಲ್ಲ?”

ನನಗೆ ಅಳು ಬಂದಂತಾಯಿತು. ಕಾರಣ ಹೇಳಿದೆ. ಟ್ರ್ಯಾಕ್ಟರ್ ಸಿಕ್ಕರೆ ಸರಿಹೋಗುತ್ತದೆ, ಯಾರೂ ಬರುವುದಿಲ್ಲ ಎಂದೆ. ಅವಳು ಎಲ್ಲ ಕೇಳಿಸಿಕೊಂಡು, “ಇಷ್ಟೇ ಏನ್ರಿ?” ಎಂದು ಹೊರಟುಹೋದಳು.

ಮರುದಿನ ಬೆಳಿಗ್ಗೆ ಹಳ್ಳಿಯಲ್ಲಿ ಗಲಾಟೆ ಎಂದು ವಾಚ್‌ಮನ್ ಓಡಿ ಬಂದ. ನಾನೂ ಬಸಣ್ಣನೂ ಹೋದೆವು. ಹುಲಿಗೆವ್ವ ಗಬ್ಬದ ಎಮ್ಮೆಯನ್ನು ಗಂಡನ ಟ್ರ್ಯಾಕ್ಟರಿನ ಮುಂದಿನ ಕೊಂಡಿಗೆ ಕಟ್ಟಿ, ತಾನು ಅದರ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಎಮ್ಮೆ ಆರಾಮಾಗಿ ರಸ್ತೆಗೆ ಅಡ್ಡ ಮಲಗಿ ಮೆಲುಕು ಹಾಕುತ್ತಿತ್ತು. ತಿಪ್ಪಣ್ಣ ಸೀಟಿನ ಮೇಲೆ ಕೂತು ಹಾರ್ನ್ ಬಾರಿಸುತ್ತಿದ್ದ.

“ಲೇ, ಬಿಚ್ಚಲೇ ಅದನ್ನ! ಗುಡ್ಡದಾಗ ಸರತಿ ತಪ್ಪತೈತಿ!”

“ತಪ್ಲಿ. ಮೊದ್ಲು ಅಕ್ಕಾರ ಕೆಸರು ಹೇರು, ಆಮ್ಯಾಲ ನಿನ್ನ ಅದಿರು.”

“ನಾ ಹೇಲು ಹೊರಾಂವಲ್ಲ!”

“ಹೌದೇನು? ಹೋದ ಬ್ಯಾಸಗ್ಯಾಗ ಸತ್ತ ಎಮ್ಮಿನ ಎಳಕೊಂಡ್ಹೋಗಿ ಹುಗದಾಂವ ಇದ ಗಾಡ್ಯಾಗ ಅಲ್ಲೇನು ನೀನು? ಇದನ್ನೂ ಹುಗೀಬೇಕಂತೇನು? ಹಂಗಾದ್ರ ಹಾಯಿಸ್ಕೊಂಡು ಹೋಗು, ಎರಡು ಕೆಲಸ ಒಮ್ಮಿಗೇ ಮುಗೀತೈತಿ.”

ಜಗಲಿಯ ಮೇಲಿದ್ದವರು ನಕ್ಕರು. ತಿಪ್ಪಣ್ಣ ಮಾತ್ರ ನಗಲಿಲ್ಲ. ಹಾರ್ನಿನಿಂದ ಕೈ ತೆಗೆದು ಎಮ್ಮೆಯ ಹೊಟ್ಟೆಯನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಎಂಜಿನ್ ಆರಿಸಿ, ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, “ಎಲ್ಲೈತ್ರಿ ನಿಮ್ಮ ಕೆಸರು?” ಎಂದು ನನ್ನನ್ನು ಕೇಳಿದ. ಮಡಿಗಳು ಖಾಲಿಯಾಗುವವರೆಗೆ ಗೊಣಗುತ್ತಲೇ ಹೇರಿದ, ಬಾಳೆ ತೋಟಕ್ಕೆ ಸುರಿದು ಬಂದ. ಆಮೇಲೆ ಮಳೆ ಬರುವವರೆಗೆ ವಾರಕ್ಕೊಮ್ಮೆ ತಾನಾಗಿಯೇ ಬಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ. ಒಣಗಿದ ಕೆಸರಿಗೆ ವಾಸನೆಯೇ ಇಲ್ಲವಲ್ಲ ಎಂಬುದು ಅವನಿಗೆ ದೊಡ್ಡ ಆಶ್ಚರ್ಯ.

ನೀರು ಒಮ್ಮೆಲೇ ಸರಿಹೋಗಲಿಲ್ಲ. ಅಲ್ಲಿಯವರೆಗೆ ಹುಲಿಗೆವ್ವ ಊರ ಮನೆಮನೆಯಿಂದ ಒಂದೊಂದು ಕೊಡ ಬೇಡಿ ತಂದು ಎಮ್ಮೆಗೆ ಕುಡಿಸಿದಳು. ಕೆರೆಯ ಕೆನೆ ತೆಳುವಾಗಿ, ಚದುರಿ, ಕೊನೆಗೆ ಒಂದು ಬೆಳಿಗ್ಗೆ ಮೂಲೆಯಲ್ಲಿ ಬರೀ ತಿಳಿನೀರು ಕಂಡಿತು. ನಾನು ಗೇಟಿಗೆ ಬರುವ ಮೊದಲೇ ದೂರದಿಂದ, “ಕುಡಿಸು!” ಎಂದು ಕೂಗಿದೆ. ಅಷ್ಟು ಜೋರಾಗಿ ಕೂಗಿದ್ದು ಕೇಳಿ ವಾಚ್‌ಮನ್ ಗಾಬರಿಯಾದ.

ಮೊದಲ ಮಳೆ ಬೀಳುವ ಮುಂಚೆ ಎಮ್ಮೆ ಈಯಿತು, ಹೆಣ್ಣು ಕರು. ಹುಲಿಗೆವ್ವ ಡಬ್ಬಿಯ ತುಂಬ ಗಿಣ್ಣ ತಂದುಕೊಟ್ಟಳು. ಅದನ್ನು ಹಿಡಿದುಕೊಂಡು ಸಂಜೆ ಹಿತ್ತಲಿಗೆ ಬಂದೆ. ಅತ್ತೆ ಡಬ್ಬಿಯನ್ನು ದೂರದಿಂದಲೇ ನೋಡಿ, “ಈದು ಹತ್ತು ದಿನ ಆಗಿಲ್ಲ, ದೇವರಿಗೆ ಬರೂದಿಲ್ಲ,” ಎಂದರು. ಆಮೇಲೆ, “ಯಾವ ನೀರು ಕುಡದದ ಆ ಎಮ್ಮಿ?” ಎಂದರು.

“ನಮ್ಮ ಪ್ಲಾಂಟಿನ ನೀರು.”

ನಾನು ಸ್ನಾನ ಮುಗಿಸಿ ಒಳಗೆ ಬಂದಾಗ ಅತ್ತೆ ಅಡುಗೆಮನೆಯ ಹೊಸ್ತಿಲ ಈಚೆ ಕುಳಿತು ಗಿಣ್ಣ ತಿನ್ನುತ್ತಿದ್ದರು. “ಬೆಲ್ಲ ಸ್ವಲ್ಪ ಕಮ್ಮಿ ಆಗ್ಯದ. ಎಲ್ಲಾ ಚರಂಡಿಗೇ ಹಾಕೀ ಕಾಣಸ್ತದ,” ಎಂದರು. ನಾನು ಪಕ್ಕದಲ್ಲಿ ಕುಳಿತು ಅದೇ ತಟ್ಟೆಯಿಂದ ತಿಂದೆ.

ಅದಾದ ಕೆಲವು ವರ್ಷಗಳಿಗೆ ಗಣಿಗಳು ನಿಂತವು. ಅತ್ತೆಯೂ ಈಗಿಲ್ಲ. ಮೊನ್ನೆ ಆಲೆಮನೆಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು, ನಮ್ಮವರಿಗೆ ಸಂಡೂರು ದಾರಿ ಹಿಡಿಯಲು ಹೇಳಿದೆ. ರಸ್ತೆ ಖಾಲಿ, ಬೇವಿನ ಮರಗಳು ಹಸಿರು. ಕಾಲೊನಿಯಲ್ಲಿ ಅರ್ಧ ಮನೆಗಳಿಗೆ ಬೀಗ, ಉಳಿದವುಗಳಲ್ಲಿ ಯಾರ್ಯಾರೋ ಬಾಡಿಗೆಗಿದ್ದರು. ಪ್ಲಾಂಟಿನ ಬ್ಲೋವರುಗಳನ್ನು ಯಾರೋ ಗುಜರಿಗೆ ಬಿಚ್ಚಿಕೊಂಡು ಹೋಗಿದ್ದರು. ಕೊಳಚೆ ಈಗ ಸೀದಾ ಕೆರೆಗೆ. ಕೆರೆಯ ಮೇಲೆ ಆ ಹಳೆಯ ಹಸಿರು ದಪ್ಪಗೆ ಹರಡಿತ್ತು.

ಹುಲಿಗೆವ್ವ ದಡದ ಆಚೆ ದಾರಿಯಲ್ಲಿ ಸಿಕ್ಕಳು. ತಲೆ ಪೂರಾ ನರೆತಿತ್ತು, ಹಿಂದೆ ನಾಲ್ಕಾರು ಎಮ್ಮೆಗಳಿದ್ದವು. ಎಲ್ಲ ಆ ಕರುವಿನ ಸಂತಾನವೇ ಅಂತೆ. ಬೆಲ್ಲದ ಅಚ್ಚನ್ನು ಮೂಸಿ ನೋಡಿ, “ಇದೇನು ಎಮ್ಮಿಗೋ, ಚರಂಡಿಗೋ?” ಎಂದು ನಕ್ಕಳು. ಹಳ್ಳ ಈಗ ತಿಳಿಯಾಗಿದೆ, ಎಮ್ಮೆಗಳು ಅಲ್ಲೇ ಕುಡಿಯುತ್ತವೆ ಎಂದಳು. ನನ್ನ ನೀರು ಯಾರಿಗೂ ಬೇಕಾಗಿರಲಿಲ್ಲ. ಒಳ್ಳೆಯದೇ ಆಯಿತು ಅನ್ನಬೇಕು, ಅಂದೆ ಕೂಡ.

ಮಾತು ಮುಗಿಯುವುದರಲ್ಲಿ ಒಂದು ಎಳೆ ಎಮ್ಮೆ, ಇನ್ನೂ ಈಯದ ಮಣಕ, ಗುಂಪು ಬಿಟ್ಟು ಕೆರೆಯ ಕಡೆ ಇಳಿಯಿತು. ಹುಲಿಗೆವ್ವ ಕೋಲು ಎತ್ತಿದವಳು ಅಲ್ಲೇ ತಡೆದು, ನನ್ನ ಕಡೆ ತಿರುಗಿದಳು. ಅವಳು ನಗುತ್ತಿರಲಿಲ್ಲ.

“ಕುಡಸ್ಲೇನ್ರಿ ಅಕ್ಕಾರ, ಬ್ಯಾಡೇನ್ರಿ?”

“ಬ್ಯಾಡ ಹುಲಿಗೆವ್ವ,” ಎಂದೆ.

ಅವಳು ಯಾಕೆ ಎಂದು ಕೇಳಲಿಲ್ಲ. ಮಣಕವನ್ನು ತಿರುಗಿಸಿಕೊಂಡು ಹಳ್ಳದ ದಾರಿ ಹಿಡಿದಳು.